ಮಗಳಿಗೊಂದು ಪತ್ರ: ಜರ್ಮನ್‌ನಿಂದಲೇ ಮಾಡು

ಶಿರಸಿ

ಪ್ರೀತಿಯ ಕೂಸೇ,

"ಬುಡೆನ್‌ಬ್ರೂಕ್ಸ್ ಇಂಗ್ಲಿಷಿನಲ್ಲಿ ಸಿಗುತ್ತದಲ್ಲ, ಅದನ್ನೇ ನೋಡಿ ಕನ್ನಡಕ್ಕೆ ಬೇಗ ಮಾಡಿಕೊಡಿ" ಅಂದರಂತೆ ನಿನ್ನ ಪ್ರಕಾಶಕರು. ಒಪ್ಪಬೇಡ. ಇಷ್ಟು ವರ್ಷ ಜರ್ಮನ್ ಕಲಿತದ್ದು ಇದಕ್ಕೇ ಅಲ್ವಾ?

ಇಂಗ್ಲಿಷ್ ಅಂದರೆ ಯಾರ ಇಂಗ್ಲಿಷು? ಜರ್ಮನ್ ಲೇಖಕ ಥಾಮಸ್ ಮಾನ್‌ನ ಈ ಕಾದಂಬರಿ ಬಂದದ್ದು 1901ರಲ್ಲಿ. ಹೆಲೆನ್ ಲೋ-ಪೋರ್ಟರ್ ಅವರ ಅನುವಾದ 1924ರಲ್ಲಿ ಬಂತು. 1993ರಲ್ಲಿ ಜಾನ್ ವುಡ್ಸ್ ಮತ್ತೆ ಮೊದಲಿಂದ ಮಾಡಿದರು. ಯಾವುದನ್ನು ಹಿಡಿದರೂ ಅವರು ಬಿಟ್ಟದ್ದನ್ನು ನೀನೂ ಬಿಡುತ್ತೀ, ಅವರು ಎಡವಿದಲ್ಲಿ ನೀನೂ ಎಡವುತ್ತೀ.

ಲೋ-ಪೋರ್ಟರ್ ಬಗ್ಗೆ ನನಗೆ ತುಂಬ ಗೌರವ. ಅವರ ಅನುವಾದದಲ್ಲಿ ತಪ್ಪುಗಳನ್ನು ಹುಡುಕಿ ವಿದ್ವಾಂಸರು ಬರೆದಿದ್ದಾರೆ. ಇರಬಹುದು. ಆದರೆ ಮೂರು ಹೆಣ್ಣುಮಕ್ಕಳ ತಾಯಿ ಆಕೆ, ಮಾನ್‌ನ ಹೆಚ್ಚಿನ ದೊಡ್ಡ ಪುಸ್ತಕಗಳನ್ನೆಲ್ಲ ಇಂಗ್ಲಿಷಿಗೆ ತಂದರು. 'ಮ್ಯಾಜಿಕ್ ಮೌಂಟನ್' ಸರದಿ ಬಂದಾಗ, ಇಂಥ ಗಹನ ಪುಸ್ತಕಕ್ಕೆ ಗಂಡಸೇ ಅನುವಾದಕನಾದರೆ ಒಳ್ಳೆಯದು ಅಂತ ಮಾನ್‌ಗೆ ಅನ್ನಿಸಿತ್ತು. ಪ್ರಕಾಶಕ ಕ್ನಾಫ್ ಆಕೆಯನ್ನು ಬಿಡಲಿಲ್ಲ. 1927ರಲ್ಲಿ ಅದು ಆಕೆಯ ಹೆಸರಲ್ಲೇ ಬಂತು. ಓದಿದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತಾ!

ಇನ್ನು ನಿನ್ನ ಕೈಲಿರುವ ಬುಡೆನ್‌ಬ್ರೂಕ್ಸ್. ಉತ್ತರ ಜರ್ಮನಿಯ ಲ್ಯೂಬೆಕ್ ಊರಿನ ಧಾನ್ಯದ ವ್ಯಾಪಾರಿ ಮನೆತನ, 1835ರಿಂದ 1877ರವರೆಗೆ ನಾಲ್ಕು ತಲೆಮಾರು. ವರದಕ್ಷಿಣೆ ಲೆಕ್ಕ, ಅಣ್ಣತಮ್ಮಂದಿರ ಮನಸ್ತಾಪ, ಕೊನೆಗೆ ದೊಡ್ಡ ಮನೆಯ ಮಾರಾಟ. ನಮ್ಮ ಅಡಿಕೆ ಸೀಮೆಯಲ್ಲಿ ಹಿಸೆಯಾದ ಮನೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಹಿರಿಯಜ್ಜ ಮಾತಿನ ನಡುವೆ ಫ್ರೆಂಚ್ ಬೆರೆಸುತ್ತಾನೆ. ಕೂಲಿಗಳದ್ದು ಆ ಕಡೆಯ ಆಡುಮಾತು. ಆ ಮನೆಯ ಮಗಳು ಟೋನಿಯ ಎರಡನೇ ಗಂಡ ದಕ್ಷಿಣದ ಮ್ಯೂನಿಕ್‌ನವ, ಅವನ ಮಾತು ಅವಳ ಅಮ್ಮನಿಗೆ ತಿಳಿಯುವುದೇ ಕಷ್ಟ. ನೀನು ಮನೆಯಲ್ಲಿ ಹವ್ಯಕ, ಶಾಲೆಯಲ್ಲಿ ಪುಸ್ತಕದ ಕನ್ನಡ, ಕಾರವಾರದ ಕೇರಿಯಲ್ಲಿ ಕೊಂಕಣಿ ಕೇಳಿ ಬೆಳೆದವಳು. ಮಾತು ಬದಲಾದರೆ ಎದುರಿನವರ ಮುಖ ಹೇಗೆ ಬದಲಾಗುತ್ತದೆ ಅಂತ ನಿನಗೆ ಗೊತ್ತು. ಇಂಗ್ಲಿಷ್ ಹಿಡಿದು ಹೋದರೆ ಇದೆಲ್ಲ ಅರ್ಧ ಮಾಸಿಹೋಗಿರುತ್ತದೆ. ಹಾಗಂತ ಕೂಲಿಗಳ ಬಾಯಿಗೆ ನಮ್ಮ ಅಂಕೋಲೆ ಕಡೆಯ ಹಾಲಕ್ಕಿಗಳ ಮಾತು ಹಾಕಬೇಡ, ಲ್ಯೂಬೆಕ್ ಹೋಗಿ ಅಂಕೋಲೆ ಆಗಿಬಿಡುತ್ತದೆ. ಅವರ ಕನ್ನಡ ಸ್ವಲ್ಪ ಸಡಿಲವಾಗಿರಲಿ, ಸಾಕು.

ಅವಸರ ಮಾಡುವವರಿಗೆ ಒಂದು ವಿಷಯ ಹೇಳು. ಹಸ್ತಪ್ರತಿ ನೋಡಿದ ಪ್ರಕಾಶಕ ಫಿಷರ್, ಇದನ್ನು ಅರ್ಧಕ್ಕೆ ಇಳಿಸಿ ಅಂದಿದ್ದ. ಆಗ ಮಾನ್‌ಗೆ 25 ವರ್ಷ. ಒಪ್ಪಲಿಲ್ಲ. ಪುಸ್ತಕ ಇಡಿಯಾಗಿಯೇ ಬಂತು. 1929ರಲ್ಲಿ ನೊಬೆಲ್ ಕೊಟ್ಟಾಗ ಮುಖ್ಯವಾಗಿ ಹೆಸರಿಸಿದ್ದೂ ಇದನ್ನೇ.

ಕರಾರು ಬರವಣಿಗೆಯಲ್ಲೇ ಆಗಲಿ. ಮುಖಪುಟದ ಮೇಲೆ ನಿನ್ನ ಹೆಸರು ಬೇಕು ಅಂತ ಈಗಲೇ ಕೇಳು, ಆಮೇಲೆ ಸುಮ್ನೆ ಕಿರಿಕಿರಿ. ದುಡ್ಡು ಜಾಸ್ತಿ ಸಿಗದಿದ್ದರೆ ಸಮಯವನ್ನಾದರೂ ಜಾಸ್ತಿ ಕೇಳು. ಒಟ್ಟು 11 ಭಾಗ ಇದೆ, ತಮಾಷೆಯಲ್ಲ.

ಮೊದಲ ಭಾಗ ಮುಗಿದ ಕೂಡಲೇ ಪ್ರಿಂಟ್ ತೆಗೆದು ಅಂಚೆಗೆ ಹಾಕು, ಅಕ್ಷರ ದೊಡ್ಡದಿರಲಿ. ಅಪ್ಪನ ಎದುರು ಗಟ್ಟಿಯಾಗಿ ಓದುತ್ತೇನೆ. ನಾಲಿಗೆ ತೊಡರಿದಲ್ಲೆಲ್ಲ ಗೆರೆ ಎಳೆದು ವಾಪಸ್ ಕಳಿಸುತ್ತೇನೆ.

ನಿನ್ನ
ಆಯಿ