ಅಪ್ಪನಿಗೆ ಸಿಟ್ಟು ಬಂತು ಅಂತ ಬರೆ

ತಂಗೀ,

ನಿನ್ನ ಬ್ಯಾಡಗಿ ಮಾರ್ಕೆಟ್ಟಿನ ಕತೆ ಓದಿದೆ. ಜೊತೆಗಿದ್ದ ಪತ್ರವನ್ನೂ ಓದಿದೆ. "ನನಗ ಬರಿಯಾಕ ಬರೂದಿಲ್ಲ ಅನಸ್ತದ, ಬಿಟ್ಟಬಿಡ್ಲೇನ್ರಿ?" ಅಂತ ಕೇಳಿದ್ದೀಯ. ವಿಚಿತ್ರ ನೋಡು, ಆ ಒಂದು ಸಾಲಿನ ಕನ್ನಡ ಇಡೀ ಕತೆಯ ಕನ್ನಡಕ್ಕಿಂತ ಚೆನ್ನಾಗಿದೆ.

ಯಾವ ಪತ್ರಿಕೆಗೆ ಕಳಿಸಬೇಕು, ಎಷ್ಟು ಪುಟ ಇರಬೇಕು, ಇದನ್ನೆಲ್ಲ ಬೇರೆ ಯಾರನ್ನಾದರೂ ಕೇಳು. ನಾನು ಜಗಳ ಆಡೋದು ಒಂದೇ ವಿಷಯಕ್ಕೆ: ವಾಕ್ಯದಲ್ಲಿ ಯಾರು ಏನು ಮಾಡಿದರು, ಯಾರಿಗೆ ಏನಾಯ್ತು. ವ್ಯಾಕರಣದ ಪಾಠ ಅಂತ ಮುಖ ಸಿಂಡರಿಸಬೇಡ.

ನಿನ್ನ ಕತೆಯಲ್ಲಿ ದಲಾಲಿ ಅಂಗಡಿ ಮುಂದೆ ಅಪ್ಪನಿಗೆ ರೇಟು ಬಿದ್ದ ಸುದ್ದಿ ಸಿಗುತ್ತೆ. ನೀನು ಬರೆದದ್ದು: "ಅಪ್ಪ ಅವಮಾನವನ್ನು ಅನುಭವಿಸಿದನು. ನಂತರ ಕೋಪವನ್ನು ಹೊಂದಿದನು." ನಿಮ್ಮ ಹಾವೇರಿ ಕಡೆ ಯಾರವ್ವಾ ಕೋಪವನ್ನು ಹೊಂದೋರು? ಅಪ್ಪನಿಗೆ ಅವಮಾನ ಆಯ್ತು. ಅಪ್ಪನಿಗೆ ಸಿಟ್ಟು ಬಂತು. ಈಗ ಆ 'ಬಂತು' ಯಾರ ಜೊತೆ ಹೊಂದಿಕೊಂಡಿದೆ ನೋಡು. ಅಪ್ಪನ ಜೊತೆ ಅಲ್ಲ, ಸಿಟ್ಟಿನ ಜೊತೆ. ಬಂದದ್ದು ಸಿಟ್ಟು, ಅಪ್ಪ ಸುಮ್ನೆ ನಿಂತಿದ್ದ. ಹಾಗಂತ ಅವನು ವಾಕ್ಯದಲ್ಲಿ ಹೊರಗಿನವನೂ ಅಲ್ಲ. "ಅಪ್ಪನಿಗೆ ತನ್ನ ಮೇಲೇ ಸಿಟ್ಟು ಬಂತು" ಅಂದರೆ ಆ 'ತನ್ನ' ಹೋಗಿ ಹಿಡಿಯೋದು ಅಪ್ಪನನ್ನೇ, ಅಲ್ವಾ? ಹಸಿವು, ನಿದ್ದೆ, ನೆನಪು, ನಾಚಿಕೆ, ಸಾಲ, ಎಲ್ಲದಕ್ಕೂ ಕನ್ನಡದಲ್ಲಿ ಈ 'ಗೆ' ಇದೆ. ಮಾಡಿದವನನ್ನೂ ಪಟ್ಟವನನ್ನೂ ಅದು ಬೇರೆ ಬೇರೆ ಕೂರಿಸುತ್ತೆ. ನೀನು 'ಹೊಂದಿದನು' ಅಂತ ಬರೆದು ಇಬ್ಬರನ್ನೂ ಒಂದೇ ಕಡೆ ತಳ್ಳಿದ್ದೀಯ, ಚೀಲ ಎತ್ತುವ ಅಪ್ಪನಿಗೂ ಅವಮಾನವಾದ ಅಪ್ಪನಿಗೂ ವ್ಯತ್ಯಾಸವೇ ಉಳಿದಿಲ್ಲ.

ಇದಕ್ಕೆ ನನಗೆ ಇಷ್ಟು ಸಿಟ್ಟು ಯಾಕೆ ಅಂದರೆ, ನನ್ನ ಮೊದಲ ಕತೆಯಲ್ಲಿ "ನನಗೆ ನಾಚಿಕೆ ಆಯ್ತು" ಅಂತಿದ್ದದ್ದನ್ನ ಒಬ್ಬ ಸಂಪಾದಕರು "ನಾನು ಲಜ್ಜಿತನಾದೆನು" ಅಂತ ತಿದ್ದಿ ಅಚ್ಚು ಹಾಕಿದರು. ಧಾರವಾಡದ ಸುಭಾಷ್ ರಸ್ತೆಯಲ್ಲಿ ನಿಂತೇ ಓದಿದೆ, ಮೈಯೆಲ್ಲ ಉರಿದುಹೋಯ್ತು. ಅವರು ಈಗ ಇಲ್ಲ. ಸಿಟ್ಟು ಹಾಗೇ ಇದೆ.

"ಚೀಲಗಳು ಹಮಾಲರಿಂದ ತೂಗಲ್ಪಟ್ಟವು." ಇದನ್ನ ಹೊಡೆದುಹಾಕು, ಮಾತೇ ಬೇಡ. "ಚೀಲ ತೂಗಿದರು." ಆ 'ದರು' ಒಳಗೇ ಹಮಾಲರು ಇದ್ದಾರೆ.

'ಅನ್ನು' ಕೂಡ ಜಾಸ್ತಿ ಆಗಿದೆ. "ಚಹಾವನ್ನು ಕುಡಿದು, ಬೀಡಿಯನ್ನು ಹಚ್ಚಿ, ಚೀಲವನ್ನು ಎತ್ತಿದ." ಚಹಾ ಕುಡಿದು, ಬೀಡಿ ಹಚ್ಚಿ, ಚೀಲ ಎತ್ತಿದ ಅಂದರೆ ಸಾಕು. ಜೀವ ಇಲ್ಲದ ವಸ್ತುವಿಗೆ 'ಅನ್ನು' ಬಿಡಬಹುದು. ಮನುಷ್ಯರಿಗೆ ಬಿಡೋಕಾಗಲ್ಲ, "ಅಪ್ಪ ತಮ್ಮ ಎತ್ತಿದ" ಅಂತ ಯಾರೂ ಅನ್ನಲ್ಲ, ಯಾರು ಯಾರನ್ನು ಎತ್ತಿದರು ಅಂತ ಗೊಂದಲ ಆಗುತ್ತೆ. ಆದರೆ ಮಳೆಗೆ ತೊಯ್ದ ಆ ಒಂದು ಚೀಲ ಇದೆಯಲ್ಲ, ಅಪ್ಪ ಬೇರೆ ಚೀಲಗಳ ಹಿಂದೆ ಬಚ್ಚಿಡುವುದು, ಅಲ್ಲಿ 'ಅನ್ನು' ಹಾಕು. "ಆ ಚೀಲವನ್ನು ಹಿಂದಕ್ಕೆ ಸರಿಸಿದ." ಎಲ್ಲ ಕಡೆ ಹಾಕಿದ್ದರಿಂದ ಅಲ್ಲಿ ಅದಕ್ಕೆ ತೂಕವೇ ಇಲ್ಲದಂತಾಗಿದೆ.

ಕ್ರಿಯಾಪದ ಹೇಗೂ ಕೊನೆಗೆ ಬರುತ್ತೆ, ಅಲ್ಲಿವರೆಗೆ ಓದುವವರು ಕಾಯುತ್ತಾರೆ ಅಂತ ನಿನ್ನ ಭಾವನೆ ಇರಬೇಕು. ಕಾಯಲ್ಲ. ಜಪಾನಿಯಲ್ಲೂ ನಮ್ಮ ಹಾಗೇ ಕ್ರಿಯಾಪದ ಕೊನೆಗೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜಪಾನಿ ಜನಕ್ಕೆ ಹೋಟೆಲಿನ ಚಿತ್ರ ತೋರಿಸಿದರು. "ಬಡಿಸುವವಳು ಗಿರಾಕಿಗೆ" ಅನ್ನುವಷ್ಟು ಕೇಳಿಸಿದರೆ ಸಾಕು, ಕಣ್ಣು ಆಗಲೇ ಚಿತ್ರದಲ್ಲಿದ್ದ ತಿಂಡಿಯ ಕಡೆ ಹೋಗ್ತಿತ್ತು. "ಗಿರಾಕಿಯನ್ನು" ಅಂದಾಗ ಅಷ್ಟು ಹೋಗ್ತಿರಲಿಲ್ಲ. ಒಂದು ಪ್ರತ್ಯಯ ಕೇಳಿಯೇ ಮುಂದಿನದನ್ನ ಊಹಿಸಿಬಿಡ್ತಾರೆ. ಅದೇ ವರ್ಷ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು ಕನ್ನಡದ ಮೂರು ವರ್ಷದ ಮಕ್ಕಳ ಮೇಲೆ ಮಾಡಿದ ಅಧ್ಯಯನ ಬಂತು. ಏರು, ಏರಿಸು ಅಂತೀವಲ್ಲ, ಆ 'ಇಸು' ಇದ್ದರೆ ಒಬ್ಬರು ಇನ್ನೊಬ್ಬರಿಂದ ಮಾಡಿಸುತ್ತಿದ್ದಾರೆ ಅಂತ ನಮಗೆ ಗೊತ್ತು. ಮಕ್ಕಳು ಆಟಿಕೆ ಹಿಡಿದು ಅಭಿನಯಿಸುವಾಗ 'ಇಸು' ಕಡೆ ಗಮನವನ್ನೇ ಕೊಡಲಿಲ್ಲ, ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಅನ್ನೋದನ್ನೇ ನಂಬಿದವು. ನಿನ್ನ ಓದುಗರೂ ಮೊದಲು ನೋಡೋದು ವಾಕ್ಯದೊಳಗೆ ಯಾರ್ಯಾರು ಇದ್ದಾರೆ ಅಂತಲೇ. ಅವರಿಗೆ ತಪ್ಪು ಗುರುತು ಕೊಟ್ಟು, ಕೊನೆಯಲ್ಲಿ ಕ್ರಿಯಾಪದ ತಂದು ಸರಿಮಾಡ್ತೀನಿ ಅಂದರೆ ಆಗಲ್ಲ.

ಸಾಕು, ಬೈದದ್ದು ಜಾಸ್ತಿ ಆಯ್ತು. ಬಿಟ್ಟುಬಿಡಬೇಡ. ಕೊನೆ ಪುಟದಲ್ಲಿ ಊರಿಗೆ ಬಂದ ಮೇಲೆ ಒಂದು ಸಾಲು ಬರೆದಿದ್ದೀಯ: "ಅವ್ವನಿಗೆ ರೇಟು ಹೇಳಲಿಲ್ಲ." ಗೊತ್ತಿದ್ದು ಬರೆದೆಯೋ, ಹಾಗೇ ಬಂತೋ. ಹೇಳಿದ, ಹೇಳಿದೆ, ಹೇಳಿದೆವು ಅಂದಿದ್ದರೆ ಯಾರು ಅಂತ ತಿಳಿದುಬಿಡ್ತಿತ್ತು. 'ಇಲ್ಲ' ಯಾರನ್ನೂ ಬಿಟ್ಟುಕೊಡಲ್ಲ. ಹೇಳದೇ ಇದ್ದದ್ದು ಅಪ್ಪನೋ, ಜೊತೆಗೆ ಹೋಗಿದ್ದ ಮಗಳೋ, ಇಬ್ಬರೂ ಸೇರಿಯೋ? "ಅರ್ಥ ಆಗಲ್ಲ, ಅಲ್ಲಿ 'ಅಪ್ಪ' ಅಂತ ಸೇರಿಸು" ಅಂತ ಯಾರಾದರೂ ಹೇಳೇ ಹೇಳ್ತಾರೆ. ಸೇರಿಸಬೇಡ.