ಲ್ಯಾಪ್‌ಟಾಪಿನ ವಯಸ್ಸನ್ನು ಚೀಟಿಯಲ್ಲಿ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ನಾನು ಸಾರಿಗೆ ಸಂಸ್ಥೆಯ ಡಿಪೋದಲ್ಲಿ 31 ವರ್ಷ ಮೆಕ್ಯಾನಿಕ್ ಆಗಿದ್ದವನು. ಬಸ್ಸು ಎಷ್ಟು ಓಡಿದೆ ಎಂಬುದನ್ನು ಅದರ ಸದ್ದು ಕೇಳಿಯೇ ಹೇಳುತ್ತಿದ್ದೆ. ಅಂಥವನು ಇತ್ತೀಚೆಗೆ ವಿಜಯಪುರದ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳಲು ಹೋಗಿ, 16,500 ರೂಪಾಯಿ ಕೊಟ್ಟು ಟೋಪಿ ಹಾಕಿಸಿಕೊಂಡು ಬಂದೆ.

ಮೊಮ್ಮಗಳು ಬಿಸಿಎ ಸೇರಿದ್ದಾಳೆ. ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಲ್ಯಾಪ್‌ಟಾಪ್ ಕಡ್ಡಾಯ’ ಎಂದು ಎರಡು ಶಬ್ದ ಬಂದವು. ಎಂಥದ್ದು ಎಂಬ ಮೂರನೆಯ ಶಬ್ದ ಬರಲಿಲ್ಲ. ಅಂಗಡಿಯಲ್ಲಿ ಕೇಳಿದರೆ ಹುಡುಗ, ‘ಕಾಕಾ, ಐ5 ಇದೆ, 8 ಜಿಬಿ ರ್‍ಯಾಮ್, ವಿಂಡೋಸ್ 11 ಹಾಕಿದ್ದೇವೆ. ಒಂದೇ ವರ್ಷ ಬಳಸಿದ್ದು, ಕಣ್ಣು ಮುಚ್ಚಿ ತೆಗೆದುಕೊಳ್ಳಿ’ ಎಂದ. ನಾನು ಹಾಗೆಯೇ ಮಾಡಿದೆ.

ನಿಜ ಹೇಳಬೇಕೆಂದರೆ ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಹಳೆಯ ವಾಹನ ಕೊಳ್ಳುವಾಗ ಮೀಟರ್ ನಂಬಬಾರದು, ಕ್ಲಚ್ ಪೆಡಲಿನ ರಬ್ಬರ್ ನೋಡಬೇಕು ಎಂದು ಎಷ್ಟೋ ಜನರಿಗೆ ಹೇಳಿಕೊಟ್ಟವನು ನಾನು. ಆ ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ ಎ, ಎಸ್, ಇ ಗುಂಡಿಗಳು ಸವೆದು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ತಳದ ಎರಡು ಸ್ಕ್ರೂಗಳ ತಲೆ ಕಿತ್ತುಹೋಗಿತ್ತು, ಅಂದರೆ ಯಾರೋ ನಾಲ್ಕಾರು ಸಲ ಬಿಚ್ಚಿ ಕೂಡಿಸಿದ್ದಾರೆ. ಇಷ್ಟೆಲ್ಲ ಕಂಡರೂ ಕಂಪ್ಯೂಟರ್ ವಿಷಯ ನಮಗೇನು ತಿಳಿಯುತ್ತದೆ ಎಂದು ಸುಮ್ಮನಾದೆ. ನನಗೆ ಈಗಲೂ ಸಿಟ್ಟು ಬರುವುದು ನನ್ನ ಆ ಸುಮ್ಮನಿರುವಿಕೆಯ ಮೇಲೆ.

ಹದಿನೈದು ದಿನಗಳ ನಂತರ ಅಳಿಯ, ಅಂದರೆ ತಂಗಿಯ ಮಗ, ಮನೆಗೆ ಬಂದವನು ಅದನ್ನು ತೆರೆದು ನೋಡಿ ನಕ್ಕ. ‘ಮಾಮಾ, ಇದು ಐ5–6300ಯು. ಮೊದಲ ಅಂಕಿ ಆರು, ಆರನೇ ಜನರೇಷನ್. 2015ರಲ್ಲಿ ಬಂದದ್ದು’ ಎಂದ. ಐ5 ಎಂಬುದು ಪ್ರೊಸೆಸರಿನ, ಅಂದರೆ ಲ್ಯಾಪ್‌ಟಾಪಿನ ಎಂಜಿನ್ನಿನ, ಮನೆತನದ ಹೆಸರಿದ್ದಂತೆ, ವಯಸ್ಸು ಇರುವುದು ಮುಂದಿನ ಸಂಖ್ಯೆಯಲ್ಲಿ ಎಂದು ಆಗ ತಿಳಿಯಿತು. 8250ಯು ಎಂದಿದ್ದರೆ ಎಂಟನೆಯದು. 10, 11, 12 ಎಂದು ಆರಂಭವಾದರೆ ಎರಡೂ ಅಂಕಿಗಳನ್ನು ಸೇರಿಸಿ ಓದಬೇಕಂತೆ. ಅಂಗಡಿಯ ಹಲಗೆಯ ಮೇಲೆ ‘ಐ5’ ಮಾತ್ರ ದಪ್ಪಕ್ಷರದಲ್ಲಿರುತ್ತದೆ, ಆ ನಾಲ್ಕು ಅಂಕಿಗಳು ಇರುವುದೇ ಇಲ್ಲ.

ವಿಂಡೋಸ್ 11 ಇತ್ತಲ್ಲ ಎಂದೆ. ಅಳಿಯ ಬಿಡಿಸಿ ಹೇಳಿದ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಹಾಗಾಗಿ ಈಗ ಹನ್ನೊಂದೇ ಬೇಕು, ಆದರೆ ಅದಕ್ಕೆ ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದೇ ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ನನ್ನದಕ್ಕೆ ಈ ತಪಾಸಣೆಯನ್ನು ತಪ್ಪಿಸಿ ಹಿಂಬಾಗಿಲಿನಿಂದ ಹಾಕಿದ್ದರು. ಇಂಥವುಗಳಿಗೆ ಮುಂದೆ ಅಪ್‌ಡೇಟ್ ಬರುತ್ತದೆ ಎಂಬ ಖಾತ್ರಿಯನ್ನು ಕಂಪನಿ ಕೊಡುವುದಿಲ್ಲ.

ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ತಂತ್ರಾಂಶವೂ ಇದೆ. ಅದರಲ್ಲಿ ಬಂದದ್ದು 46 ಗಂಟೆ! ಹಾಗಾದರೆ ಹೊಸದೇ ಇರಬೇಕು ಎಂದು ಒಂದು ಗಳಿಗೆ ಹಿಗ್ಗಿದೆ. ‘ಎಸ್‌ಎಸ್‌ಡಿಯನ್ನಷ್ಟೇ, ಅಂದರೆ ಡಿಸ್ಕನ್ನಷ್ಟೇ, ಹೊಸದಾಗಿ ಹಾಕಿದ್ದಾರೆ ಮಾಮಾ’ ಎಂದ ಅಳಿಯ. ಹತ್ತು ವರ್ಷದ ಬಸ್ಸಿಗೆ ಹೊಸ ಮೀಟರ್ ಕೂಡಿಸಿದಂತಾಯಿತು. ಆದರೆ ಬ್ಯಾಟರಿ ಬಾಯಿಬಿಟ್ಟಿತು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಬ್ಯಾಟರಿ ತಯಾರಾದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡೂ ಲೆಕ್ಕ ಬರುತ್ತವೆ. ನಮ್ಮದು 47 ಸಾವಿರ ಮಿಲಿವ್ಯಾಟ್-ಅವರ್‌ನಿಂದ 19 ಸಾವಿರಕ್ಕೆ ಇಳಿದಿತ್ತು. ಹೇಳದೆ ಕೇಳದೆ ಕರೆಂಟ್ ಹೋಗುವ ಊರಿನ ಹುಡುಗಿಗೆ ಇದಕ್ಕಿಂತ ಮುಖ್ಯವಾದ ಲೆಕ್ಕ ಬೇರೆ ಇಲ್ಲ.

ಹಾಗೆಂದು ಹೊಸದನ್ನೇ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಪಕ್ಕದ ಮನೆಯವರು ಮಗನಿಗೆ 25,000 ರೂಪಾಯಿಗೆ ಹೊಸ ಲ್ಯಾಪ್‌ಟಾಪ್ ತಂದು ಪೂಜೆ ಮಾಡಿದರು. ಒಳಗಿರುವುದು ಸೆಲೆರಾನ್ ಎಂಬ ಕಡಿಮೆ ಶಕ್ತಿಯ ಪ್ರೊಸೆಸರ್, 4 ಜಿಬಿ ರ್‍ಯಾಮ್, ಅದೂ ಬೋರ್ಡಿಗೆ ಬೆಸೆದದ್ದು, ಮುಂದೆ ಹೆಚ್ಚಿಸಲು ಬರುವುದಿಲ್ಲ. ಬ್ರೌಸರ್‌ನಲ್ಲಿ ನಾಲ್ಕು ಪುಟ ತೆರೆದರೆ ಐದನೆಯದು ಬರುವಷ್ಟರಲ್ಲಿ ಚಹಾ ಕುಡಿದು ಬರಬಹುದು. ಬೆಂಗಳೂರಿನ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಲಾಟಿನಲ್ಲಿ ಹೊರಹಾಕುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಲ್ಯಾಪ್‌ಟಾಪ್‌ಗಳು ಗಟ್ಟಿಮುಟ್ಟಾದವು. ಕೂಲಿಕಾರರ, ಸಣ್ಣ ರೈತರ ಮಕ್ಕಳಿಗೆ ಅವೇ ಸರಿ. ಲ್ಯಾಪ್‌ಟಾಪ್ ಶುರುವಾಗುವಾಗ ಮೊದಲು ಓಡುವ ಬಯಾಸ್ ಎಂಬ ತಂತ್ರಾಂಶಕ್ಕೆ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿದೆಯೇ ಎಂದು ಅಂಗಡಿಯಲ್ಲೇ ತೆರೆಸಿ ನೋಡಿದರಾಯಿತು.

ಮರುದಿನ ಅಳಿಯನನ್ನು ಕರೆದುಕೊಂಡು ಅಂಗಡಿಗೆ ಹೋದೆ. ಟೆಸ್ಟಿಂಗ್ ವಾರಂಟಿ ಏಳೇ ದಿನ ಎಂದರು. ಬಿಲ್ ಕೇಳಿದರೆ, ‘ಅದಕ್ಕೆ ಜಿಎಸ್‌ಟಿ ಬೇರೆ ಬೀಳುತ್ತದೆ ಎಂದು ನಿಮಗೆ ಚೀಟಿ ಕೊಟ್ಟಿದ್ದೇವಲ್ಲ’ ಎಂದರು. ಅಳಿಯ ಬೇರೆ ಗಿರಾಕಿಗಳ ಎದುರು ಪ್ರೊಸೆಸರ್ ಸಂಖ್ಯೆಯನ್ನು ಗಟ್ಟಿಯಾಗಿ ಓದತೊಡಗಿದ ಮೇಲೆ, ಸರ್ವಿಸ್ ಖರ್ಚೆಂದು 1,500 ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಮರಳಿಸಿದರು. ಬೇರೆ ಅಂಗಡಿಯಲ್ಲಿ 21,000ಕ್ಕೆ ಎಂಟನೇ ತಲೆಮಾರಿನದು ಸಿಕ್ಕಿತು, ಬಿಲ್ ಸಮೇತ, ಮೂರು ತಿಂಗಳ ವಾರಂಟಿ ಸಮೇತ.

ಅಳಿಯನಂಥವನು ಪ್ರತಿ ಮನೆಯಲ್ಲಿ ಇರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಳೆಯ ವಸ್ತುವನ್ನು ಹೊಸದೆಂದು ಬಿಂಬಿಸುವುದೂ, ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಗಳು. ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ, 1915ಕ್ಕೆ ಕರೆ ಮಾಡಿಯೂ ದೂರು ಹೇಳಬಹುದು. ಆದರೆ 16,500 ರೂಪಾಯಿಗಾಗಿ ಇಂಡಿಯಿಂದಲೋ ಮುದ್ದೇಬಿಹಾಳದಿಂದಲೋ ಕೆಲಸ ಬಿಟ್ಟು ಎಷ್ಟು ಜನ ಅಲೆದಾರು? ಆದ್ದರಿಂದ ಹಳೆಯ ಲ್ಯಾಪ್‌ಟಾಪ್ ಮಾರುವವರು ಪ್ರೊಸೆಸರಿನ ಪೂರ್ತಿ ಸಂಖ್ಯೆ, ತಯಾರಾದ ವರ್ಷ, ಬ್ಯಾಟರಿಯ ಈಗಿನ ಸಾಮರ್ಥ್ಯ ಇವಿಷ್ಟನ್ನು ಬಿಲ್ಲಿನ ಮೇಲೆ ಬರೆದುಕೊಡುವಂತೆ ಜಿಲ್ಲಾಡಳಿತ ಸೂಚಿಸಲಿ. ಕಾಲೇಜುಗಳೂ ಯಾವ ಮಟ್ಟದ ಲ್ಯಾಪ್‌ಟಾಪ್ ಸಾಕು ಎಂಬುದನ್ನು ಪ್ರವೇಶದ ದಿನವೇ ತಿಳಿಸಲಿ.

ಮೊದಲ ಅಂಗಡಿಯ ಬಿಳಿ ಚೀಟಿ ಇನ್ನೂ ನನ್ನ ಬಳಿ ಇದೆ. ಅದರಲ್ಲಿ ‘ಲ್ಯಾಪ್‌ಟಾಪ್ – 1’ ಎಂದಷ್ಟೇ ಬರೆದಿದೆ. ಕೆಳಗೆ ಮೂರು ಸಾಲು ಹಿಡಿಸುವಷ್ಟು ಜಾಗ ಖಾಲಿ ಇದೆ.

– ನಿವೃತ್ತ ಮೆಕ್ಯಾನಿಕ್, ವಿಜಯಪುರ