ಭಟ್ಟಿಗೆ ಗ್ಯಾಸ್ ಬರುತ್ತಿದೆ, ಮಂಡಕ್ಕಿ ರೇಟು ಸ್ವಲ್ಪ ಏರುತ್ತಿದೆ

ಅಂಗಡಿಯವರಿಗೆ, ಖಾರ ಮಂಡಕ್ಕಿ ಗಾಡಿಯವರಿಗೆ, ಮನೆಗೆ ಒಯ್ಯುವ ಎಲ್ಲರಿಗೂ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಭಟ್ಟಿಯಲ್ಲಿ ಮಂಡಕ್ಕಿ ಗ್ಯಾಸ್ ಉರಿಯಲ್ಲಿ ಅರಳುತ್ತದೆ. ಹೊಟ್ಟು, ಸೌದೆಯ ಒಲೆ ನಿಲ್ಲುತ್ತದೆ. ಚೀಲಕ್ಕೆ 20 ರೂಪಾಯಿ ಜಾಸ್ತಿ ಆಗುತ್ತದೆ. ರೇಟಿನ ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು, ಅಲ್ವಾ?

ಮಂಡಕ್ಕಿ ಅರಳಬೇಕಾದರೆ ಮರಳು ಸುಮಾರು 250 ಡಿಗ್ರಿ ಕಾಯಬೇಕು. ಅದಕ್ಕೆ ಭತ್ತದ ಹೊಟ್ಟೇ ಸುಲಭ, ಭತ್ತದ ಜೊತೆಗೇ ಬರುತ್ತದೆ, ದುಡ್ಡು ಕೊಡಬೇಕಿಲ್ಲ. ಆದರೆ ಹೊಟ್ಟು ಸುಟ್ಟರೆ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಬೂದಿ ಉಳಿಯುತ್ತದೆ. ಹಗುರವಾದ ಬೂದಿ. ಗಾಳಿಗೆ ಎದ್ದು ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಮೇಲೆ ಕೂರುತ್ತದೆ. ಒಲೆಯೊಳಗೆ ಗಾಳಿ ಸಾಲದಿದ್ದರೆ, ಸೌದೆ ಹಸಿ ಇದ್ದರೆ, ಪೂರ್ತಿ ಉರಿಯದೆ ಬರೀ ಹೊಗೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಕಣ್ಣಿಗೆ ಕಾಣದ ಕಣಗಳೂ ಇರುತ್ತವೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣ ಮೂಗಿನಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದ ಆಳಕ್ಕೇ ಇಳಿಯುತ್ತದೆ. ಅದು ಎಲ್ಲರಿಗಿಂತ ಮೊದಲು ಸೇರುವುದು ಒಲೆ ಮುಂದೆ ನಿಂತ ನಮ್ಮ ಕೆಲಸದವರ ಎದೆಗೆ.

ಟೈರಿನ ಕಥೆಯೇ ಬೇರೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಅಂದರೆ ಟೈರ್ ಹೊಗೆ ಎಂಬ ಹೆಸರು ಸುಮ್ನೆ ಬಂದಿದ್ದಲ್ಲ. ಹಳೇ ಟೈರ್ ಅಗ್ಗ, ಕಾವು ಜಾಸ್ತಿ. ಆದರೆ ರಬ್ಬರ್ ಗಟ್ಟಿಯಾಗಲಿ ಅಂತ ಅದಕ್ಕೆ ಗಂಧಕ ಸೇರಿಸಿರುತ್ತಾರೆ. ಸುಟ್ಟರೆ ಗಂಧಕದ ಘಾಟು ಅನಿಲ, ಬೆಂಜೀನ್, ಕಪ್ಪು ಮಸಿ ಎಲ್ಲ ಹೊರಗೆ ಬರುತ್ತದೆ. ತಿನ್ನುವ ಪದಾರ್ಥ ಮಾಡುವ ಕಡೆ ಅದು ಇರಲೇಬಾರದು.

ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿ ಕೆಟ್ಟ ಊರುಗಳ ಪಟ್ಟಿ ಇದೆ. ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಜೊತೆಗೆ ನಮ್ಮ ದಾವಣಗೆರೆ. ಬೆಂಗಳೂರಿನ ಸಾಲಿಗೆ ನಾವೂ ಸೇರಿದೆವು ಅಂತ ಖುಷಿಪಡುವ ಪಟ್ಟಿ ಅಲ್ಲ ಇದು! ಎಲ್ಲ ಭಟ್ಟಿಗಳಿಂದಲೇ ಅಂದರೆ ನಾವು ಒಪ್ಪುವುದಿಲ್ಲ. ರಸ್ತೆಯ ಧೂಳು, ಡೀಸೆಲ್ ಗಾಡಿ, ಬೀದಿ ಮೂಲೆಯಲ್ಲಿ ಸುಡುವ ಕಸ, ಇವುಗಳ ಪಾಲೂ ಇದೆ. ನಮ್ಮ ಕೈಲಾಗುವುದು ನಮ್ಮ ಒಲೆ ಬದಲಿಸುವುದು.

ಗ್ಯಾಸ್ ಉರಿಸಿದರೂ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಮಸಿ, ಬೂದಿಯ ಕಾಟ ಮಾತ್ರ ತಪ್ಪುತ್ತದೆ. ಉಳಿದ ಹೊಟ್ಟನ್ನು ಚಿಮಣಿಗೆ ಧೂಳು ಹಿಡಿಯುವ ಯಂತ್ರ ಹಾಕಿಸಿದ ರೈಸ್ ಮಿಲ್ಲಿನ ಬಾಯ್ಲರಿಗೆ ಮಾತ್ರ ಕೊಡುತ್ತೇವೆ. ಕಂಡಕಂಡ ಒಲೆಗೆ ಕೊಟ್ಟರೆ ಹೊಗೆ ನಮ್ಮ ಓಣಿ ಬಿಟ್ಟು ಪಕ್ಕದ ಓಣಿಗೆ ಹೋಗುತ್ತದೆ, ಅಷ್ಟೇ.

ರುಚಿ ಕೆಡುತ್ತದಾ ಅಂತ ಗಾಡಿಯವರು ಆಗಲೇ ಕೇಳುತ್ತಿದ್ದಾರೆ. ಹೊಗೆ ವಾಸನೆ ಇರುವುದಿಲ್ಲ. ಉರಿ ಒಂದೇ ಸಮ ಇರುವುದರಿಂದ ಕರಕಲು ಕಾಳು ಕಡಿಮೆ. ನರ್ಗಿಸ್ ಮಂಡಕ್ಕಿ ಮಾಡುವವರು ಬಂದು ಒಂದು ಹಿಡಿ ತಿಂದು ನೋಡಿ, ಆಮೇಲೆ ಚೀಲ ಒಯ್ಯಿರಿ.

ಇನ್ನೊಂದು ಮಾತು. ಖಾಲಿ ಪ್ಲಾಸ್ಟಿಕ್ ಚೀಲ ಸುಡಬೇಡಿ. ವಾಪಸ್ ತಂದುಕೊಟ್ಟರೆ ಚೀಲಕ್ಕೆ 5 ರೂಪಾಯಿ ಬಿಲ್ಲಿನಲ್ಲಿ ಕಳೆಯುತ್ತೇವೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೇ ರೇಟೇ.

ಇಂತಿ,
ನಿಮ್ಮ ಮಂಡಕ್ಕಿ ಭಟ್ಟಿಯವರು, ದಾವಣಗೆರೆ